ಹುಳಿಯಾದ ವೈನ್, 215ರ ಲೆಕ್ಕ

(ನಮ್ಮ ಮನೆತನದ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ನಡೆದದ್ದು. ಭಾವನಿಗೆ ಅಲ್ಲಿ ಇನ್ನೂ ಶನಿವಾರ ರಾತ್ರಿ.)

ಭಾವ, ಮಿನಿಯಾಪೊಲಿಸ್: [ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ] ಜುಲೈ 2, 1863. ಅಮೆರಿಕದ ಅಂತರ್ಯುದ್ಧ. ಗೆಟ್ಟಿಸ್‌ಬರ್ಗ್. ಸ್ಟಿಲ್‌ವಾಟರ್ ಎಂಬ ಪುಟ್ಟ ಊರಿನ 262 ಸ್ವಯಂಸೇವಕರು ಶತ್ರುಗಳ ದಂಡಿನ ಮೇಲೆ ನುಗ್ಗಿದರು. ಐದೇ ನಿಮಿಷದಲ್ಲಿ 215 ಮಂದಿ ಸತ್ತರು! ದೇಶಭಕ್ತರಾಗಿದ್ದರೆ ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: 🙏🙏🙏

ಕಾಕಾ: ಯಾವ ದೇಶದ ಭಕ್ತರು? ನಮ್ಮವರೋ, ಅವರವರೋ?

ತಂಗಿ: ಭಾವ, ಬೇಸರ ಮಾಡಿಕೊಳ್ಳಬೇಡಿ. ಒಂದೇ ಸಂದೇಶದಲ್ಲಿ ಎರಡು ತಪ್ಪು. 262 ಮಂದಿ ಒಂದೇ ಊರಿನವರಲ್ಲ, ಉತ್ತರದವರ ಕಡೆ ಕಾದಿದ, ಮಿನ್ನೆಸೋಟ ರಾಜ್ಯದ ಮೊದಲ ರೆಜಿಮೆಂಟಿನವರು. ಅದರಲ್ಲಿ ಸ್ಟಿಲ್‌ವಾಟರಿನವರದು ಬಿ ಕಂಪನಿ ಮಾತ್ರ. ರೆಡ್ ವಿಂಗ್ ಊರಿನ ಎಫ್ ಕಂಪನಿಯನ್ನಂತೂ ಆ ದಿನ ಬೇರೆ ಕಡೆಗೆ ಕಳುಹಿಸಿದ್ದರು. 215 ಎಂಬುದು ಸತ್ತವರು, ಗಾಯಗೊಂಡವರು ಎಲ್ಲ ಸೇರಿದ ಲೆಕ್ಕ. ಆ ಲೆಕ್ಕದ ಬಗೆಗೂ ಇತಿಹಾಸಕಾರರಲ್ಲಿ ತಕರಾರಿದೆ.

ಅತ್ತೆ: ಕಂಪನಿ ಎಂದರೆ ವ್ಯಾಪಾರದ್ದೇ?

ತಂಗಿ: ಅಲ್ಲ ಅತ್ತೆ, ಸುಮಾರು ನೂರು ಜನರ ಕಾಲಾಳು ತುಕಡಿ. ಆಗ ಒಂದೊಂದು ಊರಿನವರು ಒಂದೊಂದು ಕಂಪನಿ ಕಟ್ಟಿಕೊಂಡು ಹೋಗುತ್ತಿದ್ದರು. ವಿನೋನಾದವರದು ಕೆ, ಫಾರಿಬೋದವರದು ಜಿ. ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನು ಎಷ್ಟೋ ಸಲ ಪಕ್ಕದ ಮನೆಯವನೇ.

ಅತ್ತೆ: ಹಾಗಾದರೆ ಒಂದು ಕೆಟ್ಟ ದಿನ ಬಂದರೆ ಇಡೀ ಓಣಿಗೆ ಸೂತಕ.

(ಅತ್ತೆಯ ಈ ಮಾತಿಗೆ ಯಾರೂ ಒಂದು ಹೆಬ್ಬೆರಳನ್ನೂ ಒತ್ತಲಿಲ್ಲ. ನನಗೆ ಮಾತ್ರ ಅಂದಿನ ಚರ್ಚೆಯಲ್ಲಿ ಇದೇ ತೂಕದ ಮಾತು ಅನ್ನಿಸಿತು.)

ಭಾವ: ಸಂಖ್ಯೆ ಆಚೀಚೆ ಆದರೆ ತ್ಯಾಗ ಸುಳ್ಳಾಗುತ್ತದೆಯೇ? ಜನರಲ್ ಹ್ಯಾನ್‌ಕಾಕ್‌ಗೆ ಬೇಕಾಗಿದ್ದದ್ದು ಬೇರೆ ದಳ ಬರುವವರೆಗೆ ಐದು ನಿಮಿಷ. ಎದುರಿನಿಂದ ದಕ್ಷಿಣದ ಅಲಬಾಮಾದವರ ಬ್ರಿಗೇಡ್ ಬರುತ್ತಿತ್ತು, ಹಿಂದೆ ಬೇರೆ ದಳವಿರಲಿಲ್ಲ. ರೆಜಿಮೆಂಟಿನ ನಾಯಕ ಕರ್ನಲ್ ಕೊಲ್ವಿಲ್ ಮುಂದೆ ನಿಂತು ಇವರನ್ನು ನುಗ್ಗಿಸಿದ, ತಾನೂ ಗಾಯಗೊಂಡು ಬಿದ್ದ. ಅದಕ್ಕೆ ಕೆಲವು ದಿನ ಮೊದಲು ಅದೇ ಮನುಷ್ಯ ಬಂಧನದಲ್ಲಿದ್ದ, ಸೈನಿಕರು ಬೂಟು ಒದ್ದೆಯಾಗದಂತೆ ಮರದ ದಿಮ್ಮಿಯ ಮೇಲೆ ಹಳ್ಳ ದಾಟಿದ್ದಕ್ಕೆ!

ಕಾಕಾ: ಈ ದಿಮ್ಮಿಯ ಕಥೆಯನ್ನು ಮೊದಲೇ ಹೇಳಿದ್ದರೆ ಪೂರ್ತಿ ಓದುತ್ತಿದ್ದೆ.

ಅಕ್ಕ: ನಾನು ಇದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಕ್ಕಳನ್ನು ಫೋರ್ಟ್ ಸ್ನೆಲಿಂಗ್‌ಗೆ ಕರೆದುಕೊಂಡು ಹೋಗಿದ್ದು ಇವರಿಗೆ ಮರೆತಂತಿದೆ. 1861ರ ಏಪ್ರಿಲ್ 29ರಂದು ಈ ರೆಜಿಮೆಂಟ್ ಸೇರಿದ್ದು ಅಲ್ಲಿಯೇ. ಮರುವರ್ಷದ ಚಳಿಗಾಲದಲ್ಲಿ ಅದೇ ಕೋಟೆಯ ಕೆಳಗೆ ಅಲ್ಲಿನ ಮೂಲನಿವಾಸಿಗಳಾದ ಸುಮಾರು 1,600 ಡಕೋಟಾ ಜನರನ್ನು ಕೂಡಿಹಾಕಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 1862ರ ಡಿಸೆಂಬರ್ 26ರಂದು ಮಂಕೇಟೊದಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಅದಕ್ಕೆ ಹತ್ತು ಜನರಿಗೆ ಕಳುಹಿಸುವ ಸಂದೇಶ ಏಕಿಲ್ಲ?

ಭಾವ: ಆಗ ಈ ಹುಡುಗರು ವರ್ಜೀನಿಯಾದಲ್ಲಿದ್ದರು. ಆ ಪಾಪ ಇವರ ತಲೆಗೇಕೆ?

ಅಕ್ಕ: ಇವರ ತಲೆಗೆ ಕಟ್ಟಲಿಲ್ಲ. ಕೋಟೆ ಒಂದೇ ಎಂದೆ.

ದೊಡ್ಡಪ್ಪ: ಕಾಕಾ ಕೇಳಿದ "ಯಾವ ದೇಶ" ಎಂಬುದಕ್ಕೆ ನನ್ನದೊಂದು ಮಾತು. ಉತ್ತರದವರ ನೌಕಾಪಡೆ ಅಲ್ಲಿ ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ನಮ್ಮ ಧಾರವಾಡ, ಗದಗಿನ ಕಡೆಯ ಹತ್ತಿಯ ಬೆಲೆ ಒಮ್ಮೆಲೇ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದಿಂದ ಹತ್ತಿ ಸಾಗಿಸುವ ಆಸೆ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಇಲ್ಲಿ ಬೆಲೆ ನೆಲಕಚ್ಚಿತು. ಅವರು ಗುಂಡು ತಿಂದರು, ನಾವು ಲಾಭ ತಿಂದು ಆಮೇಲೆ ಸಾಲ ತಿಂದೆವು.

ಕಾಕಾ: ಅಣ್ಣಾ, ಹತ್ತಿ ಬಾರದ ಚರ್ಚೆ ನಿನ್ನ ಬಳಿ ಯಾವುದಾದರೂ ಇದೆಯೇ?

ನಾನು: ಭಾವ, ಸ್ಟಿಲ್‌ವಾಟರಿನ ಹೆಸರು ಎತ್ತಿದ ಮೇಲೆ ಬಾಟಲಿಯ ಕಥೆ ಬಿಟ್ಟರೆ ಹೇಗೆ? 1880ರ ದಶಕದಲ್ಲಿ ಬಿ ಕಂಪನಿಯಲ್ಲಿ ಉಳಿದ 34 ಮಂದಿ "ಕೊನೆಯವನ ಕೂಟ" ಎಂದು ಮಾಡಿಕೊಂಡರು. ಪ್ರತಿ ಜುಲೈ 21ಕ್ಕೆ, ಅಂದರೆ ತಾವು ಮೊದಲು ಕಾದಿದ ಬುಲ್ ರನ್ ಕದನದ ದಿನ, ಊರಿನ ಹೋಟೆಲಿನಲ್ಲಿ ಸೇರುವುದು. ಒಂದು ಬರ್ಗಂಡಿ ವೈನ್ ಬಾಟಲಿ ಎತ್ತಿಟ್ಟು, ಎಲ್ಲರೂ ಹೋದ ಮೇಲೆ ಉಳಿದವನೊಬ್ಬ ಅದನ್ನು ತೆರೆದು ಸತ್ತವರ ನೆನಪಿಗೆ ಕುಡಿಯಬೇಕು. ಹೋದವರ ಕುರ್ಚಿಗೆ ಕಪ್ಪು ಬಟ್ಟೆ.

ಅತ್ತೆ: ಉಳಿದವನು ಯಾರು?

ನಾನು: ಚಾರ್ಲ್ಸ್ ಲಾಕ್‌ವುಡ್. 1930ರಲ್ಲಿ ತೆರೆದ. ವೈನ್ ಕೆಟ್ಟು ಹುಳಿಯಾಗಿತ್ತು.

ಅತ್ತೆ: ಕುಡಿದನೇ?

ನಾನು: ಒಂದು ಗುಟುಕು.

ಅತ್ತೆ: ಅಷ್ಟು ವರ್ಷ ಕಾಯುವ ಬದಲು ಎಲ್ಲರೂ ಇದ್ದಾಗಲೇ ಹಂಚಿಕೊಂಡು ಕುಡಿಯಬಾರದಿತ್ತೇ, ಪಾಪ.

ಭಾವ: ಅತ್ತೆ, ಅದು ವ್ರತ!

ಅತ್ತೆ: ವ್ರತಕ್ಕೂ ಉದ್ಯಾಪನೆ ಎಂದು ಒಂದಿರುತ್ತದೆ.

ತಂಗಿ: ಭಾವ, ಈ ಬಾಟಲಿ ನಿಮ್ಮ 215ಕ್ಕಿಂತ ದೊಡ್ಡದು. ಫಾರ್ವರ್ಡಿನಲ್ಲಿ ಸ್ಟಿಲ್‌ವಾಟರಿನವನ ಒಂದು ಹೆಸರಾದರೂ ಇತ್ತೇ? ಆ 34 ಮಂದಿಗೆ ಯಾವ ಕುರ್ಚಿ ಯಾರದೆಂದು ಗೊತ್ತಿತ್ತು.

ಭಾವ: ಬಾವುಟದ ವಿಷಯದಲ್ಲಾದರೂ ಒಪ್ಪುತ್ತೀಯೋ ಇಲ್ಲವೋ? ಜುಲೈ 3ರಂದು ಸಿ ಕಂಪನಿಯ ಮಾರ್ಷಲ್ ಶೆರ್ಮನ್ ವರ್ಜೀನಿಯಾದ 28ನೇ ದಳದ ಬಾವುಟ ಕಿತ್ತುಕೊಂಡ. ವರ್ಜೀನಿಯಾ ಕೇಳುತ್ತಲೇ ಇದೆ, ಮಿನ್ನೆಸೋಟ ಕೊಡುತ್ತಿಲ್ಲ. 2013ರಲ್ಲಿ ಸಾಲವಾಗಿ ಕೇಳಿದಾಗಲೂ ಗವರ್ನರ್ ಡೇಟನ್ ಇಲ್ಲ ಎಂದರು. ಸರಿಯಲ್ಲವೇ?

ಕಾಕಾ: ಸಾಲವಾಗಿ ಕೇಳಿದ್ದನ್ನು ಕೊಡದವರು ನಮ್ಮಲ್ಲೂ ಇದ್ದಾರೆ. ನನ್ನ ಏಣಿ ಎರಡು ವರ್ಷದಿಂದ ದೊಡ್ಡಪ್ಪನ ಮನೆಯಲ್ಲಿದೆ.

ದೊಡ್ಡಪ್ಪ: ವಿಷಯಾಂತರ ಬೇಡ.

ಅಕ್ಕ: ನಾಳೆ ಸ್ಟಿಲ್‌ವಾಟರಿಗೆ ಹೋಗೋಣ ಎನ್ನುತ್ತಿದ್ದಾರೆ. ಬರುವ ದಾರಿಯಲ್ಲಿ ಕೋಟೆಗೂ ಹೋಗುವುದಾದರೆ ನಾನು ಬರುತ್ತೇನೆ.

ಭಾವ: ಎರಡಕ್ಕೂ ಹೋಗೋಣ.

ಭಾವ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಅಳಿಯಂದಿರೇ, ಏಕೆ ಅಳಿಸಿದಿರಿ? ನಾನು ಆಗಲೇ ಹತ್ತು ಜನರಿಗೆ ಕಳುಹಿಸಿಬಿಟ್ಟೆನಲ್ಲ.