ಓದುಗರ ಸ್ಪಂದನ: ಆರಾಧನೆಗೆ ಹೋಗಿ ಖಾಲಿ ಮನಸ್ಸಲ್ಲಿ ವಾಪಸ್ ಬರ್ತೀನಿ ಅಂದ ಸಹೋದರಿಗೆ

(ಹೋದ ಸಲದ ಸಮಸ್ಯೆ: ಭಾನುವಾರ ಪೂರ್ತಿ ಹಾಡೋರ ಪ್ರದರ್ಶನ, ಅನೌನ್ಸ್‌ಮೆಂಟು, ಸನ್ಮಾನ ಇಷ್ಟೇ ಆಗೋಯ್ತು, ದೇವರ ಕಡೆ ಗಮನನೇ ಇಲ್ಲ, ಸಭೆ (ಚರ್ಚು) ಬಿಟ್ಟು ಮನೇಲೇ ಆನ್‌ಲೈನ್ ನೋಡ್ಲಾ ಅಂತ ಕೇಳಿದ್ರು.)

ವಂದನೆಗಳು ಸಿಸ್ಟರ್. ಹುಷಾರಿಲ್ದೋರಿಗೆ ಆನ್‌ಲೈನ್ ಸರಿ, ನಿಮಗೆ ಬೇಡ. ಬೈಬಲ್‌ನ ಇಬ್ರಿಯ 10:24-25ರಲ್ಲಿ ಕೂಡಿಬರೋದನ್ನ ಬಿಡಬೇಡಿ ಅನ್ನೋದಷ್ಟನ್ನೇ ನಾವೆಲ್ಲ ನೆನಪಿಟ್ಕೊಂಡಿದೀವಿ, ಆದ್ರೆ ಅದೇ ಮಾತಲ್ಲಿ ಒಬ್ಬರನ್ನೊಬ್ಬರು ಪ್ರೀತಿಗೆ ಒಳ್ಳೆ ಕೆಲಸಕ್ಕೆ ಹುರಿದುಂಬಿಸಿ, ಧೈರ್ಯ ಹೇಳಿ ಅಂತಾನೂ ಇದೆ, ಸ್ಕ್ರೀನ್ ಮುಂದೆ ಕೂತು ಯಾರಿಗೆ ಧೈರ್ಯ ಹೇಳ್ತೀರಿ? ಆರಾಧನೆ ಮುಗಿದ ಮೇಲೆ ಒಂಟಿಯಾಗಿ ನಿಂತಿರೋರ ಹತ್ರ ಹೋಗಿ ಅಲ್ಲೇ ಒಂದು ಸಣ್ಣ ಪ್ರಾರ್ಥನೆ ಮಾಡಿ. ಅದಕ್ಕೆ ಕಮಿಟಿ ಪರ್ಮಿಶನ್ ಬೇಕಾಗಿಲ್ಲ.
– ಒಬ್ಬ ಸಭಾ ಹಿರಿಯ

ನಾನು ವರ್ಷಿಪ್ ಟೀಮಲ್ಲಿ ಹಾಡೋಳು, ನಿಮ್ಮ ಪತ್ರ ಓದಿ ಸಿಟ್ಟು ಬಂತು. ಎಲ್ರೂ ಶೋ ಕೊಡೋಕೆ ನಿಂತಿರಲ್ಲ ಅಕ್ಕಾ. ಆದ್ರೂ ಜನಕ್ಕೆ ಎಟುಕದ ಶ್ರುತಿ ಹಿಡಿದು ವಾರಕ್ಕೊಂದು ಹೊಸ ಹಾಡು ತಂದ್ರೆ ಸಭೆ ಬಾಯ್ಮುಚ್ಕೊಂಡು ನೋಡ್ತಾ ನಿಲ್ಲುತ್ತೆ, ಅದು ನಿಜ. ನಮ್ಮಲ್ಲಿ ಈಗ ಶ್ರುತಿ ಇಳಿಸಿದೀವಿ, ಹೊಸ ಹಾಡು ಎಲ್ರಿಗೂ ಬರೋವರೆಗೂ ಅದನ್ನೇ ಹಾಡ್ತೀವಿ, ಕೊನೇ ಚರಣಕ್ಕೆ ಡ್ರಮ್ಸು ಕೀಬೋರ್ಡು ನಿಲ್ಲಿಸಿ ಬರೀ ಬಾಯಲ್ಲಿ. ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ 1761ರಲ್ಲೇ ಹಾಡೋರಿಗೆ ಸೂಚನೆ ಕೊಟ್ಟಿದ್ರು, ಉಳಿದವರಿಗಿಂತ ನಿಮ್ಮ ದನಿ ಎದ್ದು ಕೇಳ್ಬೇಕು ಅಂತ ಕಿರುಚಬೇಡಿ, ಪ್ರತಿ ಪದದಲ್ಲೂ ದೇವರ ಮೇಲೆ ಕಣ್ಣಿರ್ಲಿ ಅಂತ. ಆಗಿನ್ನೂ ಮೈಕೇ ಇರ್ಲಿಲ್ಲ ನೋಡಿ!
– ವರ್ಷಿಪ್ ಟೀಮ್ ಸಹೋದರಿ

ಎಲ್ಲಾನೂ ಹಾಡಿನ ಮೇಲೇ ಯಾಕೆ ಹಾಕ್ತೀರಿ? ಸಾಕ್ಷಿ (ದೇವರು ತಮಗೆ ಮಾಡಿದ ಉಪಕಾರ) ಹೇಳೋಕೆ ಎದ್ದೋರು ದೇವರಿಗೆ ಸ್ತೋತ್ರ ಅಂತ ಶುರು ಮಾಡಿ ಮಗನ ಕೆಲಸ, ಕಟ್ಟಿಸಿದ ಮನೆ, ಪರಿಚಯ ಇರೋ ದೊಡ್ಡೋರು ಅಂತ ಹೋಗ್ತಾರೆ, ಇನ್ನು ಪ್ರಾರ್ಥನಾ ವಿನಂತಿ ಹೆಸರಲ್ಲಿ ಯಾರ್ಯಾರ ಮನೆ ಜಗಳವೋ ಇಡೀ ಸಭೆಗೆ ಗೊತ್ತಾಗಿರುತ್ತೆ. ಆಗಿನ ಕಾಲದ ಕೊರಿಂಥ ಊರಿನ ಸಭೆಲೂ ಹೀಗೇ ಎಲ್ರಿಗೂ ಮಾತಾಡೋ ಅವಸರ ಇದ್ದಿದ್ದು, ಅದಕ್ಕೇ ಅಪೊಸ್ತಲ ಪೌಲ ಅವರಿಗೆ ಬರೆದ ಪತ್ರ 1 ಕೊರಿಂಥ 14ರಲ್ಲಿ ಪ್ರವಾದಿಸೋರು (ದೇವರ ಮಾತು ಹೇಳೋರು) ಇಬ್ಬರೋ ಮೂವರೋ ಸಾಕು, ಕೂತಿರೋ ಇನ್ನೊಬ್ಬನಿಗೆ ಪ್ರಕಟವಾದ್ರೆ ಮೊದಲ್ನೋನು ಸುಮ್ಮನಾಗ್ಲಿ ಅಂದ. ಮಾತೇ ಬೇಡ ಅನ್ಲಿಲ್ಲ, ಎಲ್ಲಾ ಭಕ್ತಿವೃದ್ಧಿಗೆ ಆಗ್ಲಿ ಅಂದ. ಸಾಕ್ಷಿಗೆ ಮುಂಚೆ ಸಭಾಪಾಲಕರು ಒಂದ್ಸಲ ಕೇಳ್ಕೊಂಡ್ರೆ ಅರ್ಧ ಸಮಸ್ಯೆ ಹೋಗುತ್ತೆ.
– ಭಾನುವಾರ ಕೊನೇ ಬೆಂಚಿನವ

ದೇವರ ಕಡೆ ಗಮನ ಅಂತ ಜನರನ್ನೇ ಮರೆಯೋದೂ ತಪ್ಪು. ಎಫೆಸ 5:19 ತೆಗೀರಿ, ಒಬ್ಬರಿಗೊಬ್ಬರು ಕೀರ್ತನೆಗಳಿಂದ ಮಾತಾಡಿ, ಕರ್ತನಿಗೆ ಹಾಡಿ, ಎರಡೂ ಒಂದೇ ವಚನದಲ್ಲಿದೆ. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ಮಾಡೋ ಊಟ) ಕೂಡಿದಾಗ ಕೆಲವರು ಹಸಿದಿರೋವಾಗ್ಲೇ ಉಳಿದೋರು ತಿಂದು ಕುಡಿದು ಮುಗಿಸ್ತಿದ್ರು ಅಂತ ಪೌಲ ಬೈದಿದ್ದೂ ಅದೇ ಕೊರಿಂಥದೋರಿಗೆ. ಸನ್ಮಾನ ಮಾಡೋರಿಗೆ ಯಾಕೋಬನ ಪತ್ರದ 2ನೇ ಅಧ್ಯಾಯ ತೋರಿಸಿ, ಚಿನ್ನದುಂಗುರದೋನಿಗೆ ಒಳ್ಳೆ ಜಾಗ, ಬಡವನಿಗೆ ನಿಂತ್ಕೋ ಅನ್ನೋ ಕಥೆ.
– ಸಂಡೇ ಸ್ಕೂಲ್ ಟೀಚರ್

ಅನೌನ್ಸ್‌ಮೆಂಟ್ ಎಲ್ಲಾ ವಾಟ್ಸಾಪ್‌ಗೆ ಹಾಕ್ಲಿ, ಉಳಿದಿದ್ದು ಆಶೀರ್ವಾದ ಆದ್ಮೇಲೆ. ಒಂದು ಡೌಟು ಸಿಸ್ಟರ್, ಇದನ್ನ ನಿಮ್ಮ ಸಭಾಪಾಲಕರ ಹತ್ರ ಹೇಳಿದೀರಾ? ಪತ್ರದಲ್ಲಿ ಎಲ್ಲೂ ಬರ್ದಿಲ್ಲ ನೀವು.
– ಹೆಸರು ಬೇಡ