ಪದಚರ್ಚೆ: ‘ಸೆನ್ಸರ್ ಫಾಲ್ಟ್’ ಎಂದರೆ ‘ಸೆನ್ಸರ್ ಹೋಗಿದೆ’ ಎಂದೇ ಅರ್ಥವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರಿನ ಬ್ರೇಕ್ ಸೆನ್ಸರ್‌ಗಳ ತೊಂದರೆಯನ್ನು ಮನೆಯಲ್ಲೇ ಪತ್ತೆ ಹಚ್ಚುವುದರ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಓದುಗರು ಮೆಕ್ಯಾನಿಕ್‌ಗಳಲ್ಲ, ಕಾರು ಇಟ್ಟುಕೊಂಡು, ಮಲ್ಟಿಮೀಟರ್ ಹಿಡಿಯುವಷ್ಟು ಆಸಕ್ತಿ ಇರುವವರು. ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಹಾಗಾಗಿ ಅದರಲ್ಲಿ ತೊಂದರೆಯಾದಾಗ ಹೊತ್ತುವ ಡ್ಯಾಶ್‌ಬೋರ್ಡಿನ ಹಳದಿ ದೀಪ ಈಗ ಸಣ್ಣ ಕಾರುಗಳಲ್ಲೂ ಇದೆ, ಅದು ಹೊತ್ತಿಕೊಂಡಾಗ ಕಂಗಾಲಾಗುವವರೂ ಹೆಚ್ಚಿದ್ದಾರೆ.

ನನ್ನ ಮುಖ್ಯ ಪ್ರಶ್ನೆ ‘ಫಾಲ್ಟ್’ ಎಂಬ ಪದದ ಬಗ್ಗೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿದಾಗ ಸಿ0035 ಎಂಬ ಕೋಡ್ ಬಂದಿತು ಎನ್ನಿ. ‘ಸಿ’ ಎಂದರೆ ಷಾಸಿಗೆ, ಅಂದರೆ ಬ್ರೇಕ್, ಸ್ಟೀರಿಂಗ್‌ನಂಥ ಭಾಗಗಳಿಗೆ ಸಂಬಂಧಿಸಿದ್ದು. ಎಂಜಿನ್ ಕಡೆಯವು ‘ಪಿ’ಯಿಂದ, ಬಾಡಿಯವು ‘ಬಿ’ಯಿಂದ, ಘಟಕಗಳ ನಡುವಿನ ಸಂಪರ್ಕದವು ‘ಯು’ನಿಂದ ಆರಂಭವಾಗುತ್ತವೆ. (ಅಗ್ಗದ ಬ್ಲೂಟೂತ್ ರೀಡರ್‌ಗಳಲ್ಲಿ ಹಲವು ‘ಪಿ’ಯನ್ನಷ್ಟೇ ಓದುತ್ತವೆ. ಕೊಳ್ಳುವ ಮುನ್ನ ಎಬಿಎಸ್ ಓದುತ್ತದೆಯೇ ಎಂದು ಕೇಳಿಕೊಳ್ಳಬೇಕು.) ಸಿ0035ರ ಪೂರ್ಣ ವಿವರಣೆಯನ್ನು ಕನ್ನಡದಲ್ಲಿ ಹೇಳುವುದಾದರೆ, ‘ಎಡ ಮುಂಚಕ್ರದ ವೇಗ ಸೆನ್ಸರಿನ ಸರ್ಕ್ಯೂಟ್’. ಆದರೆ ಆಡುವಾಗ ‘ಸರ್ಕ್ಯೂಟ್’ ಉದುರಿಹೋಗಿ, ‘ಎಡಗಡೆ ಸೆನ್ಸರ್ ಫಾಲ್ಟ್’ ಎಂದಾಗುತ್ತದೆ. ಗ್ಯಾರೇಜಿನಿಂದ ಮನೆಗೆ ಬರುವಷ್ಟರಲ್ಲಿ ಅದು ‘ಸೆನ್ಸರ್ ಹೋಗಿದೆ’ ಎಂದಾಗಿರುತ್ತದೆ. ಹೊಸ ಸೆನ್ಸರ್ ತಂದು ಹಾಕುತ್ತಾರೆ, ದೀಪ ಮತ್ತೆ ಹೊತ್ತುತ್ತದೆ.

ಕೋಡ್ ಹೇಳುವುದು ಇಷ್ಟೇ: ಆ ಚಕ್ರದಿಂದ ಕಂಪ್ಯೂಟರಿಗೆ ಬರಬೇಕಾದ ಸಂಕೇತ ಬರುತ್ತಿಲ್ಲ, ಅಥವಾ ನಂಬುವಂತೆ ಬರುತ್ತಿಲ್ಲ. ಇಲಿ ತಂತಿ ಕಡಿದಿರಬಹುದು, ಪ್ಲಗ್ಗಿನೊಳಗೆ ನೀರು ಹೋಗಿರಬಹುದು, ಚಕ್ರದೊಂದಿಗೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ಬಳೆ ಸೀಳಿರಬಹುದು, ಬೇರಿಂಗ್ ಅಲುಗಾಡಿ ನಡುವಿನ ಸಂದು ಹೆಚ್ಚಾಗಿರಬಹುದು. ಸೆನ್ಸರೇ ಸತ್ತಿರುವುದು ಇವುಗಳಲ್ಲಿ ಒಂದು ಸಾಧ್ಯತೆ ಮಾತ್ರ. ಬೇರಿಂಗ್ ಬದಲಿಸಿದ ಮೇಲೆ ಈ ಕೋಡ್ ಬಂದರೆ ಮೊದಲು ನೋಡಬೇಕಾದದ್ದೇ ಬೇರೆ. ಈಚಿನ ಹಲವು ಕಾರುಗಳಲ್ಲಿ ಹಲ್ಲಿನ ಬಳೆಯ ಬದಲು ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಕಾಂತದ ಪಟ್ಟಿ ಇರುತ್ತದೆ. ಬೇರಿಂಗನ್ನು ತಿರುವು ಮುರುವಾಗಿ ಕೂರಿಸಿದರೆ ಎದುರಿಗೆ ಕಾಂತವೇ ಇಲ್ಲದೆ ಸೆನ್ಸರ್ ಸುಮ್ಮನಿರುತ್ತದೆ. ಅದರ ತಪ್ಪು ಏನೂ ಇಲ್ಲ.

ಹೀಗಿರುವಾಗ ‘ಸೆನ್ಸರ್ ಫಾಲ್ಟ್’ಗೆ ‘ಸಂವೇದಕ ದೋಷ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ದೃಷ್ಟಿದೋಷ, ಮುದ್ರಣದೋಷ ಎಂದಾಗ ದೋಷವು ಹಿಂದಿನ ಪದದಲ್ಲೇ ನೆಲೆಸಿರುತ್ತದೆ. ‘ಸಂವೇದಕ ದೋಷ’ ಎಂದೊಡನೆ ಓದುಗ ಸಂವೇದಕವನ್ನೇ ಆರೋಪಿಯಾಗಿ ನಿಲ್ಲಿಸುತ್ತಾನೆ. ‘ಎಡ ಮುಂಚಕ್ರದ ಸಂಕೇತ ಸಿಗುತ್ತಿಲ್ಲ’ ಎಂದು ಬಿಡಿಸಿ ಬರೆದರೆ ಅರ್ಥ ಸರಿಯಾಗಿ ಕೂರುತ್ತದೆ, ಆದರೆ ಪದೇ ಪದೇ ಬಳಸಲು ಉದ್ದವಾಯಿತು. ‘ಸರ್ಕ್ಯೂಟ್’ಗೆ ಶಾಲೆಯ ಪುಸ್ತಕದ ‘ವಿದ್ಯುನ್ಮಂಡಲ’ ಇದೆ. ‘ಸೆನ್ಸರ್ ಮಂಡಲದ ತೊಂದರೆ’ ಎನ್ನಬಹುದೇ? ‘ಮಂಡಲ’ ಎಂದರೆ ಓದುಗರಿಗೆ ಪಂಚಾಯಿತಿಯೋ ಪೂಜೆಯೋ ನೆನಪಾದೀತೆಂಬ ಅಳುಕಿದೆ. ‘ಸೆನ್ಸರ್ ಸಾಲಿನಲ್ಲಿ ತೊಂದರೆ’ ಎಂಬುದು ನಾನು ಸದ್ಯಕ್ಕೆ ಬರೆದಿಟ್ಟುಕೊಂಡಿರುವುದು. ಸೆನ್ಸರ್, ಅದರ ತಂತಿ, ಪ್ಲಗ್, ಅದರೆದುರಿನ ಬಳೆ ಎಲ್ಲವೂ ಆ ಸಾಲಿನಲ್ಲಿ ಬರುತ್ತವೆ. ಇದಕ್ಕಿಂತ ಒಳ್ಳೆಯದಿದ್ದರೆ ದಯವಿಟ್ಟು ಹೇಳಿ. ‘ಸೆನ್ಸರ್’ ಪದವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತೇನೆ, ಅಂಗಡಿಯಲ್ಲಿ ಕೇಳುವಾಗ ಬೇಕಾಗುವುದು ಅದೇ.

ಕನ್ನಡ ಸೋಲುತ್ತಿದೆ ಎಂಬ ದೂರು ಇದಲ್ಲ. ಒಂದು ಕಡೆಯಂತೂ ನಮ್ಮ ಮಾತು ಇಂಗ್ಲಿಷಿಗಿಂತ ಚುರುಕಾಗಿದೆ. ಇಂಗ್ಲಿಷ್ ಕೈಪಿಡಿಗಳು ‘ಕರೋಷನ್’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾವು ಎರಡಾಗಿ ನೋಡುತ್ತೇವೆ: ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಬ್ರೇಕ್ ಸೆನ್ಸರಿನ ವಿಷಯದಲ್ಲಿ ಈ ಎರಡರ ಜಾಗವೂ ಬೇರೆ, ಮದ್ದೂ ಬೇರೆ. ಹಲ್ಲಿನ ಬಳೆಯ ಅಡಿಯಲ್ಲಿ ತುಕ್ಕು ಬೆಳೆದು ಉಬ್ಬಿದರೆ ಬಳೆ ಸೀಳುತ್ತದೆ. ಆಗ ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಕಾರಣವಿಲ್ಲದೆ ಎಬಿಎಸ್ ಕೆಲಸ ಮಾಡಿ ಪೆಡಲ್ ಕಾಲಡಿಯಲ್ಲಿ ದಡದಡ ನಡುಗುತ್ತದೆ. ಇದಕ್ಕೆ ಬಳೆಯನ್ನೇ ಬದಲಿಸಬೇಕು. ಕಿಲುಬು ಹಿಡಿಯುವುದು ಪ್ಲಗ್ಗಿನೊಳಗಿನ ತಾಮ್ರದ ತಂತಿಗೆ, ಹಸಿರು ಪುಡಿಯಾಗಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ ನೋಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕಿಲುಬು ಎಂದ ಕೂಡಲೇ ಹುಣಸೆಹಣ್ಣು ನೆನಪಾಗುವುದು ಸಹಜ. ಇಲ್ಲಿ ಹುಳಿ ಕೂಡದು ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ. ಒಳಗೆ ಉಳಿದ ಹುಳಿ ತಂತಿಯನ್ನು ಮತ್ತೆ ತಿನ್ನುತ್ತದೆ.

‘ಇಂಟರ್‌ಮಿಟೆಂಟ್’ ಎಂಬುದಕ್ಕೆ ನಿಘಂಟುಗಳ ‘ಮರುಕಳಿಸುವ’, ‘ಸವಿರಾಮ’ಗಳಿಗಿಂತ ಜ್ವರಕ್ಕೆ ಹೇಳುವ ‘ಬಿಟ್ಟು ಬಿಟ್ಟು ಬರುವ’ ಚೆನ್ನಾಗಿದೆ ಎಂದು ನನ್ನ ತೀರ್ಮಾನ. ಇದರ ಬಗ್ಗೆ ಚರ್ಚೆ ಬೇಡ.

ಚರ್ಚೆ ಬೇಕಾಗಿರುವುದು ‘ಬ್ರೇಕ್ ಆಯಿಲ್’ ಬಗ್ಗೆ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹೊತ್ತುವ ಕಾರಣಗಳಲ್ಲಿ ಒಂದು, ಬ್ರೇಕ್ ದ್ರವದ ಡಬ್ಬಿಯಲ್ಲಿ ತೇಲುವ ಸೆನ್ಸರ್ ಕೆಳಗಿಳಿಯುವುದು. ಊರಿನಲ್ಲೆಲ್ಲ ಅದಕ್ಕೆ ಆಯಿಲ್ ಎಂದೇ ಹೆಸರು. ನಾನು ನೋಡಿದ ಕೆಲವು ಕನ್ನಡ ಬರಹಗಳಲ್ಲಿ ‘ಬ್ರೇಕ್ ಎಣ್ಣೆ’ ಎಂದೂ ಇದೆ. ಆದರೆ ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಮೂಲದವು, ಎಣ್ಣೆಯಲ್ಲ. ‘ಎಣ್ಣೆ ಕಡಿಮೆಯಾಗಿದೆ’ ಎಂದು ಓದಿದವರು ಎಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕ್ ಕೈಕೊಡುತ್ತದೆ. ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಎಲ್ಲ ಕಡೆಯೂ ‘ಬ್ರೇಕ್ ದ್ರವ’ ಎಂದೇ ಬರೆದು, ಮೊದಲ ಸಲ ಮಾತ್ರ ‘ಜನ ಬ್ರೇಕ್ ಆಯಿಲ್ ಎನ್ನುವುದು ಇದನ್ನೇ’ ಎಂದು ಸೇರಿಸಿದ್ದೇನೆ. ದ್ರವ ಇಳಿದಿದ್ದರೆ ಪ್ಯಾಡ್ ಸವೆದಿರಬಹುದು ಅಥವಾ ಎಲ್ಲೋ ಸೋರುತ್ತಿರಬಹುದು. ಅದನ್ನು ನೋಡದೆ ತುಂಬಿಸಿದರೆ ದೀಪ ಆರುತ್ತದೆ, ಕಾಯಿಲೆ ಉಳಿಯುತ್ತದೆ.

ಎರಡು ದೀಪಗಳ ಹೆಸರನ್ನೂ ಬೇರ್ಪಡಿಸಲೇಬೇಕು. ಎರಡನ್ನೂ ‘ಬ್ರೇಕ್ ಲೈಟ್’ ಎನ್ನುತ್ತಾರೆ, ಹಿಂದೆ ಹೊತ್ತುವ ದೀಪಕ್ಕೂ ಅದೇ ಹೆಸರು. ಹಳದಿ ಎಬಿಎಸ್ ದೀಪವೊಂದೇ ಹೊತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಕಚ್ಚಿ ಜಾರದಂತೆ ತಡೆಯುವ ಸೌಲಭ್ಯ ಮಾತ್ರ ಇರುವುದಿಲ್ಲ. ಎಚ್ಚರದಿಂದ ನಿಧಾನವಾಗಿ ಹೋಗಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಉಳಿದರೆ ಕಾರನ್ನು ಕದಲಿಸಬಾರದು. ‘ಹಳದಿ ದೀಪ’, ‘ಕೆಂಪು ದೀಪ’ ಎಂದು ಬಣ್ಣದಿಂದಲೇ ಕರೆದಿದ್ದೇನೆ.

ಅಳತೆಯ ಭಾಗದಲ್ಲಿ ‘ರೆಸಿಸ್ಟೆನ್ಸ್’ಗೆ ಪಠ್ಯಪುಸ್ತಕದ ‘ರೋಧ’ ಸಲೀಸಾಗಿ ಒಗ್ಗುತ್ತದೆ. ಸುರುಳಿ ಮತ್ತು ಕಾಂತ ಇರುವ ಹಳೆಯ ಬಗೆಯ ಸೆನ್ಸರಿನ ಪ್ಲಗ್ ಕಳಚಿ ರೋಧ ಅಳೆದರೆ ಸಾಮಾನ್ಯವಾಗಿ 800ರಿಂದ 2000 ಓಮ್ ಒಳಗೆ ಬರುತ್ತದೆ. ಎಡ ಬಲ ಎರಡನ್ನೂ ಅಳೆದು ಹೋಲಿಸುವುದು ಇನ್ನೂ ಒಳ್ಳೆಯದು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇದರಿಂದ ಅಷ್ಟಿಷ್ಟು ಎಸಿ ವೋಲ್ಟೇಜ್ ಹುಟ್ಟುತ್ತದೆ. ಹೊಸ ಬಗೆಯದಕ್ಕೆ ಹೊರಗಿನಿಂದ ವಿದ್ಯುತ್ ಬೇಕು. ಅದರ ರೋಧ ಅಳೆದರೆ ಏನೂ ತಿಳಿಯುವುದಿಲ್ಲ. ಕೀಲಿ ತಿರುಗಿಸಿ, ಪ್ಲಗ್ಗಿನವರೆಗೆ ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಬೇಕು. ಇಂಗ್ಲಿಷಿನಲ್ಲಿ ಇವಕ್ಕೆ ‘ಪ್ಯಾಸಿವ್’, ‘ಆ್ಯಕ್ಟಿವ್’ ಎಂಬ ಹೆಸರು. ‘ನಿಷ್ಕ್ರಿಯ ಸೆನ್ಸರ್’ ಎಂದರೆ ಕೆಟ್ಟು ಕೂತದ್ದು ಎಂದೇ ಅರ್ಥವಾಗುತ್ತದೆ. ‘ತಾನೇ ವಿದ್ಯುತ್ ಹುಟ್ಟಿಸುವ’, ‘ವಿದ್ಯುತ್ ಬೇಡುವ’ ಎಂದು ಕರೆದರೆ ಹೇಗೆ?

ಕೊನೆಯದು, ಎಡ ಬಲ. ಕೋಡಿನ ಎಡ ಬಲವನ್ನು ಸೀಟಿನಲ್ಲಿ ಮುಂದೆ ನೋಡುತ್ತ ಕೂತವನ ಎಡ ಬಲವೆಂದು ತಿಳಿಯಬೇಕು. ನಮ್ಮ ಗ್ಯಾರೇಜುಗಳಲ್ಲಿ ‘ಡ್ರೈವರ್ ಸೈಡ್’, ‘ಕ್ಲೀನರ್ ಸೈಡ್’ ಎನ್ನುತ್ತಾರೆ. ಕ್ಲೀನರ್ ಇಲ್ಲದ ಕಾರಿಗೂ ಲಾರಿಯ ಈ ಮಾತು ಬಂದಿದೆ, ಅದು ಇಷ್ಟವೂ ಆಗುತ್ತದೆ. ಆದರೆ ಅಮೆರಿಕದ ವಿಡಿಯೊ ನೋಡಿ ಕೆಲಸ ಮಾಡುವವರಿಗೆ ‘ಡ್ರೈವರ್ ಸೈಡ್’ ಎಡಕ್ಕಾಗುತ್ತದೆ, ನಮ್ಮದು ಬಲಕ್ಕೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಈ ಕೈಪಿಡಿ ಓದುವವರೇ. ಹಾಗಾಗಿ ‘ಎಡ ಮುಂಚಕ್ರ’, ‘ಬಲ ಹಿಂಚಕ್ರ’ ಎಂದಷ್ಟೇ ಇಟ್ಟಿದ್ದೇನೆ. ‘ಮುಂಚಕ್ರ’, ‘ಹಿಂಚಕ್ರ’ ಕಿವಿಗೆ ಒರಟೆನಿಸುತ್ತವೆಯೇ? ‘ಮುಂದಿನ ಗಾಲಿ’ ಎಂದರೆ ಹೆಚ್ಚು ಸಲೀಸೇ? ಹುಬ್ಬಳ್ಳಿ, ಕಲಬುರಗಿ ಕಡೆಯವರು, ಕರಾವಳಿಯವರು ತಮ್ಮೂರಿನ ಗ್ಯಾರೇಜಿನ ಮಾತನ್ನು ಬರೆದು ತಿಳಿಸಿದರೆ ಅವನ್ನೂ ಸೇರಿಸಿಕೊಳ್ಳುತ್ತೇನೆ. ‘ಸೆನ್ಸರ್ ಸಾಲು’ ಬಗ್ಗೆ ಒಪ್ಪಿಗೆ ಇಲ್ಲದವರು ಬದಲಿ ಪದವನ್ನು ಒಂದು ಪೂರ್ಣ ವಾಕ್ಯದಲ್ಲಿ ಬಳಸಿ ಕಳುಹಿಸಬೇಕೆಂದು ಕೋರುತ್ತೇನೆ.