ನೀಲಿ ಸಾಲ್ವಿಯಾ: ಮಣ್ಣು ಒದ್ದೆ ಇದ್ದರೂ ಗಿಡ ಬಾಡುತ್ತಿದೆ

ಮೈಸೂರು ತಾರಸಿ:
ನಮಸ್ಕಾರ. ನರ್ಸರಿಯಿಂದ ತಂದ ನೀಲಿ ಸಾಲ್ವಿಯಾ, 8 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದೆ. ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಹಾಕಿದ್ದೇನೆ. ಮಳೆ ಹಿಡಿದಾಗಿನಿಂದ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಮಧ್ಯಾಹ್ನ ಜೋತು ಬಿದ್ದದ್ದು, ನೀರು ಹಾಕಿದರೂ ಸಂಜೆಗೆ ಏಳುವುದಿಲ್ಲ. ಡಿಎಪಿ ಗೊಬ್ಬರ ಹಾಕಲೇ?

ಹೂಗಿಡ ಹುಚ್ಚು:
ಡಿಎಪಿ ಖಂಡಿತ ಬೇಡ, ನೀರೂ ನಿಲ್ಲಿಸಿ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತಿದೆ ಎಂದೇ ಮೊದಲ ಅನುಮಾನ. ಇದರ ತವರು ಟೆಕ್ಸಾಸ್, ಮೆಕ್ಸಿಕೋ ಕಡೆ. ಬಿಸಿಲು, ಒಣ ಹವೆ ತಡೆಯುತ್ತದೆ, ಕಾಲಡಿ ನೀರು ನಿಂತರೆ ತಡೆಯುವುದಿಲ್ಲ. ನಿಮ್ಮ ಮಿಶ್ರಣದಲ್ಲಿ ಮೂರರಲ್ಲಿ ಎರಡು ಪಾಲು ನೀರು ಹಿಡಿದಿಡುವಂಥದ್ದೇ.

ಗಿಡವನ್ನು ಮಣ್ಣುಗಡ್ಡೆ ಸಮೇತ ಹೊರತೆಗೆದು ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ಕೊಳೆತ ಭಾಗ ಕತ್ತರಿಸಿ, ಗಿಡವನ್ನೂ ಅರ್ಧಕ್ಕೆ ಸವರಿ. ಉಳಿದ ಬೇರು ಅಷ್ಟು ಎಲೆಗಳಿಗೆ ನೀರು ಒದಗಿಸಲಾರದು. ಹೊಸ ಮಣ್ಣಿಗೆ ಮೂರನೇ ಒಂದು ಪಾಲು ದಪ್ಪ ಮರಳೋ ಪರ್ಲೈಟೋ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು) ಸೇರಿಸಿ. ಕುಂಡದಡಿ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ.

ಮಲೆನಾಡ ಅಂಗಳ:
ಎಲೆ ಹಿಂಭಾಗವನ್ನೂ ನೋಡಿ. ಸಾಲ್ವಿಯಾಕ್ಕೆ ಬಿಳಿ ನೊಣದ ಕಾಟವಿದೆ, ಆಗಲೂ ಎಲೆ ಹಳದಿಯಾಗುತ್ತದೆ.

ಮೈಸೂರು ತಾರಸಿ:
ನೊಣ ಕಾಣಲಿಲ್ಲ. ಬೇರು ಅರ್ಧಕ್ಕರ್ಧ ಕಂದು, ವಾಸನೆಯೂ ಇದೆ. ಸವರಿ ಹೊಸ ಮಣ್ಣಿಗೆ ಹಾಕಿದೆ. ಉಳಿಯುತ್ತದಾ? ಕೆಂಪು ಸಾಲ್ವಿಯಾದ ಮಣ್ಣನ್ನೂ ಹೀಗೇ ಬದಲಿಸಲೇ?

ಹೂಗಿಡ ಹುಚ್ಚು:
ಅರ್ಧ ಬೇರು ಚೆನ್ನಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆದರೂ ಅದೊಂದನ್ನೇ ನಂಬಬೇಡಿ. ಸವರಿದ ಕಡ್ಡಿಗಳಲ್ಲಿ ಹೂವಿಲ್ಲದ, ಗಟ್ಟಿಮುಟ್ಟಾದ ತುದಿಗಳನ್ನು 3-4 ಇಂಚಿಗೆ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಗೆಣ್ಣು ಮುಳುಗುವಂತೆ ಒದ್ದೆ ಮರಳಿಗೆ ಚುಚ್ಚಿ ನೆರಳಲ್ಲಿಡಿ. ತುಳಸಿ ಕುಟುಂಬದ ಗಿಡವಲ್ಲವೇ, ಕಡ್ಡಿಯಿಂದ ಸುಲಭವಾಗಿ ಬರುತ್ತದೆ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ.

ಕೆಂಪಿನದು ಬ್ರೆಜಿಲ್ ಮೂಲದ್ದು, ಅದಕ್ಕೆ ತೇವ ಬೇಕು, ಅರೆನೆರಳಾದರೂ ನಡೆಯುತ್ತದೆ. ನೀರು ನಿಲ್ಲದಿದ್ದರೆ ಮಣ್ಣು ಬದಲಿಸಬೇಡಿ. ನೀಲಿಯದನ್ನು ಮಾತ್ರ ಚಿಗುರೊಡೆಯುವವರೆಗೆ ಮಳೆ ಬೀಳದ, ಬೆಳಕಿರುವ ಕಡೆ ಇಡಿ. ಬೆರಳು ಒಂದೂವರೆ ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಚಿಗುರು ಬಂದ ಮೇಲೆ ನೋಡೋಣ.